ಭತ್ತದ ಹುಲ್ಲಿನಿಂದ ವಿಮಾನ ಹಾರಿಸಬಹುದೇ?

ಹಾರಿಸಬಹುದು. ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಲ್ಲಿ ಉಳಿಯುವ ಹುಲ್ಲಿನಿಂದ ಎಥನಾಲ್ ತಯಾರಿಸಿ, ಅದರ ಚಿಕ್ಕ ಅಣುಗಳನ್ನು ಬೆಸೆದು ಉದ್ದವಾಗಿಸಿದರೆ ವಿಮಾನದ ಇಂಧನ ಸಿಗುತ್ತದೆ. ದೇಶೀ ಕಚ್ಚಾವಸ್ತುವಿನ ಜೈವಿಕ ಇಂಧನ ಬೆರೆಸಿಕೊಂಡು 2023ರ ಮೇ ತಿಂಗಳಲ್ಲಿ ಪುಣೆಯಿಂದ ದೆಹಲಿಗೆ ಪ್ರಯಾಣಿಕರ ವಿಮಾನವೊಂದು ಹಾರಿದೆ. ಯುರೋಪಿನಲ್ಲಂತೂ 2025ರಿಂದ ಶೇ. 2ರಷ್ಟು ಇಂಥ ಇಂಧನ ಬೆರೆಸುವುದು ಕಡ್ಡಾಯ. 2050ಕ್ಕೆ ಅದು ಶೇ. 70 ಆಗಬೇಕು.

ಹಾಗಾದರೆ ಈ ವಿಮಾನ ಕಾರ್ಬನ್ ಡೈಆಕ್ಸೈಡ್ ಉಗುಳುವುದಿಲ್ಲವೇ? ಇದು ತಪ್ಪು ಕಲ್ಪನೆ. ಎರಡೂ ಬಗೆಯ ಇಂಧನ 1 ಕೆಜಿ ಉರಿದರೆ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ವ್ಯತ್ಯಾಸ ಇಂಗಾಲದ ಮೂಲದಲ್ಲಿದೆ. ಹುಲ್ಲಿನ ಇಂಗಾಲವನ್ನು ಭತ್ತದ ಪೈರು ಅದೇ ಹಂಗಾಮಿನಲ್ಲಿ ಗಾಳಿಯಿಂದ ಪಡೆದಿರುತ್ತದೆ. ಕಚ್ಚಾ ತೈಲದ್ದು ನೆಲದಾಳದಿಂದ ಹೊಸದಾಗಿ ಗಾಳಿಗೆ ಸೇರುತ್ತದೆ. ಆದರೂ ಗೊಬ್ಬರ, ಸಾಗಾಟ, ಕಾರ್ಖಾನೆಗಳ ಲೆಕ್ಕ ಬಿಡುವಂತಿಲ್ಲ.

ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ: ಆ ಹುಲ್ಲು ನಿಜಕ್ಕೂ ಕಸವೇ? ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಬರ ಬಿದ್ದರೆ ದನಕರುಗಳಿಗೆ ಮೇವು ಹೊರಗಿನಿಂದಲೇ ಬರಬೇಕು. ಗದ್ದೆಯಲ್ಲಿ ಸುಟ್ಟುಹೋಗುವ ಹುಲ್ಲು ಇಂಧನವಾದರೆ ಲಾಭ. ದನದ ಮುಂದಿನದನ್ನು ಕಸಿದರೆ ನಷ್ಟ.