ಊರ ಬ್ಯಾಂಕೆಂಬ ಮೋಹ

ಸಯನ್ ಸ್ಟೇಷನ್ನಿನಿಂದ ಸರ್ಕಲ್ಲಿನವರೆಗೆ ನಡೆದು ಹೋದರೆ ದಾರಿಯುದ್ದಕ್ಕೂ ಬ್ಯಾಂಕುಗಳ ಬೋರ್ಡುಗಳೇ ಕಾಣುತ್ತವೆ. ಇಷ್ಟೊಂದು ಬ್ಯಾಂಕುಗಳ ನಡುವೆ ನೀವು ನಿಮ್ಮದನ್ನು ಆರಿಸಿಕೊಂಡದ್ದು ಹೇಗೆ ಎಂದು ನಮ್ಮವರನ್ನು ಕೇಳಿದರೆ ಸಿಗುವುದು ಮೂರೇ ಉತ್ತರ. ಹಿರಿಯರು "ಅದು ನಮ್ಮ ಊರಿನ ಬ್ಯಾಂಕು" ಎನ್ನುತ್ತಾರೆ. ನಡುವಯಸ್ಸಿನವರು "ಅಲ್ಲಿ ಬಡ್ಡಿ ಅರ್ಧ ಪರ್ಸೆಂಟು ಜಾಸ್ತಿ" ಎನ್ನುತ್ತಾರೆ. ಮಕ್ಕಳು "ಅವರ ಆ್ಯಪ್ ಚೆನ್ನಾಗಿದೆ" ಎನ್ನುತ್ತಾರೆ. ಈ ಮೂರೂ ಉತ್ತರಗಳು ತಪ್ಪು ಎಂದು ಹೇಳುವುದಕ್ಕೇ ಈ ಲೇಖನ. ಕೆಲವರಿಗೆ ಕಹಿಯಾದೀತು, ಕ್ಷಮೆಯಿರಲಿ.

ಮೊದಲು ಊರಿನ ಅಭಿಮಾನದ ಮಾತು. ಅದಕ್ಕೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ನೆಟ್ಟರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನು ಕಟ್ಟಿದರು. 1913ರಲ್ಲಿ ಮೈಸೂರು ಬ್ಯಾಂಕು, 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟು, 1931ರಲ್ಲಿ ವಿಜಯಾ ಬ್ಯಾಂಕು ಬಂದವು. ದಿನಕ್ಕೆರಡಾಣೆಯಂತೆ ಮನೆಬಾಗಿಲಿಗೆ ಬಂದು ಹಣ ಸಂಗ್ರಹಿಸುವ ಪಿಗ್ಮಿ ಯೋಜನೆಯನ್ನು 1928ರಲ್ಲೇ ಶುರು ಮಾಡಿದವರು ನಮ್ಮವರು. ಮುಂಬಯಿಗೆ ಬಂದ ಎಷ್ಟೋ ಮಂದಿ ಹೋಟೆಲು ಕಾರ್ಮಿಕರು ಊರಿಗೆ ಹಣ ಕಳಿಸಿದ್ದು ಇಂಥ ಬ್ಯಾಂಕುಗಳ ಕೌಂಟರಿನಲ್ಲಿ, ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಿ.

ಆದರೆ ಆ ಕೌಂಟರು ಈಗ ಎಲ್ಲಿದೆ? 2017ರ ಏಪ್ರಿಲ್ 1ರಂದು ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾದೊಳಕ್ಕೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನೊಳಕ್ಕೆ ಹೋದವು. ಸಿಂಡಿಕೇಟಿನ ಹಳೆಯ ಐಎಫ್ಎಸ್‌ಸಿ ಕೋಡುಗಳು 2021ರ ಜೂನ್ ಕೊನೆಗೆ ನಿಂತುಹೋದವು. ಇಷ್ಟಾದರೂ ನಮ್ಮ ಎಷ್ಟು ಮನೆಗಳಲ್ಲಿ ಹಳೆಯ ಪಾಸ್‌ಬುಕ್ಕು, ಹಳೆಯ ಚೆಕ್ಕುಪುಸ್ತಕ, ಹಳೆಯ ನಾಮಿನಿಯ ಹೆಸರು ಹಾಗೇ ಕಪಾಟಿನಲ್ಲಿವೆ! ನಾವು ಪ್ರೀತಿಸುತ್ತಿರುವುದು ಬ್ಯಾಂಕನ್ನಲ್ಲ, ಅದರ ನೆನಪನ್ನು. ನೆನಪಿಗೆ ನಮಸ್ಕಾರ ಮಾಡಬಹುದೇ ಹೊರತು ಅದರಲ್ಲಿ ಠೇವಣಿ ಇಡಲಾಗದು.

ಎರಡನೆಯದು ಅರ್ಧ ಪರ್ಸೆಂಟಿನ ಆಸೆ. ಇದಕ್ಕೆ ದೂರ ಹೋಗಬೇಕಿಲ್ಲ. ಪಂಜಾಬ್ ಆಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಕಥೆ ಸಯನ್ ಕೋಳಿವಾಡದವರಿಗೆ ಹೊಸದಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಮೊದಲು ತೆಗೆಯಲು ಬಿಟ್ಟದ್ದು ಒಂದು ಸಾವಿರ ರೂಪಾಯಿ. ತಿಂಗಳಿಗಲ್ಲ, ಆರು ತಿಂಗಳಿಗೆ! ಬ್ಯಾಂಕು ಕೊಟ್ಟ ಸಾಲದ ಬಹುಪಾಲು ಒಂದೇ ಬಿಲ್ಡರ್ ಗುಂಪಿನ ಪಾಲಾಗಿತ್ತು, ಅದನ್ನು ಮುಚ್ಚಿಡಲು ಸಾವಿರಾರು ಸುಳ್ಳು ಖಾತೆಗಳನ್ನು ತೋರಿಸಲಾಗಿತ್ತು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾದಾಗ, ಐದು ಲಕ್ಷಕ್ಕೆ ಮೇಲ್ಪಟ್ಟ ಹಣವಿದ್ದವರಿಗೆ ಉಳಿದದ್ದು ಹತ್ತು ವರ್ಷಗಳವರೆಗಿನ ಕಂತು. ಪಾಠ ಕಲಿತೆವೇ? 2025ರ ಫೆಬ್ರವರಿಯಲ್ಲಿ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕಿನ ಬಾಗಿಲಲ್ಲಿ ಮತ್ತೆ ಅದೇ ಸಾಲು, ಮತ್ತೆ ಅದೇ ಕಣ್ಣೀರು. ಸಹಕಾರಿ ಬ್ಯಾಂಕುಗಳೆಲ್ಲ ಕೆಟ್ಟವೆಂದು ನಾವು ಹೇಳುತ್ತಿಲ್ಲ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, ಐದು ಲಕ್ಷದವರೆಗೆ ಮಾತ್ರ. 2020ರ ಫೆಬ್ರವರಿಗೆ ಮೊದಲು ಅದು ಬರೀ ಒಂದು ಲಕ್ಷವಿತ್ತು. ಈ ಲೆಕ್ಕ ತಿಳಿಯದೆ ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಸುರಿಯುವುದು ಮಾತ್ರ ಮೂರ್ಖತನ ಎನ್ನುತ್ತಿದ್ದೇವೆ.

ಮೂರನೆಯದು ಆ್ಯಪಿನ ಭಕ್ತಿ. ದೊಡ್ಡ ಹೆಸರಿನ ಖಾಸಗಿ ಬ್ಯಾಂಕೆಂದರೆ ಕೆಡುವುದಿಲ್ಲವೆಂದು ನಮ್ಮ ಹುಡುಗರ ನಂಬಿಕೆ. ಪದೇ ಪದೇ ಸೇವೆ ಸ್ಥಗಿತವಾದ ಕಾರಣಕ್ಕೆ 2020ರ ಡಿಸೆಂಬರಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೊಸ ಡಿಜಿಟಲ್ ಸೇವೆ ಹಾಗೂ ಹೊಸ ಕ್ರೆಡಿಟ್ ಕಾರ್ಡು ನೀಡುವುದನ್ನು ರಿಸರ್ವ್ ಬ್ಯಾಂಕು ತಡೆದಿತ್ತು. ಆ ತಡೆ ಪೂರ್ತಿ ತೆರವಾದದ್ದು 2022ರ ಮಾರ್ಚಿನಲ್ಲಿ. 2024ರ ಏಪ್ರಿಲಿನಲ್ಲಿ ಕೋಟಕ್ ಬ್ಯಾಂಕು ಆನ್‌ಲೈನಿನಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದಕ್ಕೂ ತಡೆ ಬಿತ್ತು, ಅದು ತೆರವಾಗಲು 2025ರ ಫೆಬ್ರವರಿ ಆಯಿತು. ಸರಕಾರಿ ಬ್ಯಾಂಕುಗಳ ಸರ್ವರುಗಳ ಮಹಿಮೆಯನ್ನಂತೂ ವರ್ಣಿಸಬೇಕಿಲ್ಲ. ಅಂದರೆ ಕೆಡದ ಯಂತ್ರವಿಲ್ಲ. ಹಾಗಾದರೆ ಆರಿಸುವುದು ಹೇಗೆ?

ನಮಗಾದ ಒಂದು ಅನುಭವ ಹೇಳುತ್ತೇವೆ. ಮನೆಯ ಹತ್ತಿರದ ಎಟಿಎಮ್ಮಿನಲ್ಲಿ ಹತ್ತು ಸಾವಿರ ತೆಗೆಯಹೋದೆವು. ಹಣ ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ಬ್ಯಾಂಕಿಗೆ ಹೋದರೆ "ಬರುತ್ತದೆ ಬಿಡಿ" ಎಂದರು. ಇನ್ನೊಮ್ಮೆ ಹೋದರೆ "ಸರ್ವರ್ ಡೌನ್" ಎಂದರು. ಹಣ ಬಂದದ್ದು ಹನ್ನೆರಡನೆಯ ದಿನ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ಐದು ದಿನದೊಳಗೆ ಹಣ ಹಿಂದಿರುಗಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಬ್ಯಾಂಕು ತಾನಾಗಿಯೇ ಕೊಡಬೇಕು. ನಮ್ಮ ಏಳುನೂರು ಕೇಳಿದಾಗ ಕೌಂಟರಿನವರು ನಕ್ಕರು, ಅಧಿಕಾರಿಗಳು ಅಂಥ ನಿಯಮವೇ ಇಲ್ಲವೆಂದರು. ಸುತ್ತೋಲೆಯ ತಾರೀಕು ಬರೆದು ಅರ್ಜಿ ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದೆವು. ಮೂರು ವಾರದಲ್ಲಿ ಏಳುನೂರು ಜಮೆಯಾಯಿತು. ಆ ಖಾತೆಯನ್ನು ಮುಂದೆ ಮುಚ್ಚಿದೆವು. ತಪ್ಪಾದದ್ದಕ್ಕಲ್ಲ, ನಕ್ಕಿದ್ದಕ್ಕೆ.

ಒಳ್ಳೆಯ ಬ್ಯಾಂಕೆಂದರೆ ಎಂದೂ ಕೆಡದ ಬ್ಯಾಂಕಲ್ಲ. ಕೆಟ್ಟ ದಿನ ನಮ್ಮೊಡನೆ ಸರಿಯಾಗಿ ನಡೆದುಕೊಳ್ಳುವ ಬ್ಯಾಂಕು. ಇದನ್ನು ಖಾತೆ ತೆರೆಯುವ ಮೊದಲೇ ಪರೀಕ್ಷಿಸಬಹುದು. ಭಾನುವಾರ ರಾತ್ರಿ ಅವರ ಸಹಾಯವಾಣಿಗೆ ಫೋನು ಮಾಡಿ. ಮನುಷ್ಯರ ಧ್ವನಿ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಶಾಖೆಗೆ ಹೋಗಿ ದೂರು ಕೊಡುವುದು ಹೇಗೆಂದು ಕೇಳಿ. ಮುಖ ಹೇಗಾಗುತ್ತದೆ ನೋಡಿ. ಕಾರ್ಡನ್ನು ನಾವೇ ಆ್ಯಪಿನಲ್ಲಿ ಬಂದ್ ಮಾಡಿ ತೆರೆಯಲು ಬರುವುದೇ ನೋಡಿ. ಅದೇ ಬ್ಯಾಂಕಿನಲ್ಲಿ ಖಾತೆಯಿರುವ ನೆರೆಯವರನ್ನು "ಹೇಗಿದೆ?" ಎಂದು ಕೇಳಬೇಡಿ. "ತೊಂದರೆಯಾದಾಗ ಏನು ಮಾಡಿದರು?" ಎಂದು ಕೇಳಿ.

"ಇದಕ್ಕೆಲ್ಲ ಯಾರಿಗೆ ಪುರುಸೊತ್ತು?" ಎನ್ನುವವರಿದ್ದಾರೆ. ನಾವು ಕೇಂದ್ರ ಸರಕಾರದ ಗುಮಾಸ್ತರು, ಮೇಜಿನ ಆಚೆ ಕೂತು ಗೊತ್ತಿದ್ದವರು. ಒಂದು ಗುಟ್ಟು ಹೇಳುತ್ತೇವೆ. ಬಾಯಿಮಾತಿನಲ್ಲಿ ಕೂಗಾಡಿದವನನ್ನು ಮೇಜಿನಾಚೆಯವನು ಸಂಜೆಗೆ ಮರೆಯುತ್ತಾನೆ. ತಾರೀಕು ಹಾಕಿದ ಕಾಗದವನ್ನು ಮರೆಯಲಾರ, ಅದು ಫೈಲಿನಲ್ಲಿ ಕೂರುತ್ತದೆ. ನಮ್ಮವರು ಬ್ಯಾಂಕಿನಿಂದ ಬೈದುಕೊಂಡು ಬರುತ್ತಾರೆ, ಚಹಾ ಕುಡಿಯುತ್ತ ಮತ್ತೊಮ್ಮೆ ಬೈಯುತ್ತಾರೆ, ಆದರೆ ಒಂದು ಸಾಲು ಬರೆಯುವುದಿಲ್ಲ. ಮೂವತ್ತು ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಒಂದು ಪೈಸೆ ಶುಲ್ಕವಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಮನೆಯೊಳಗೇ ನಡೆಯುತ್ತಿದೆ. ತಂದೆಯ ಫೋನು ಮಗನ ಕೈಯಲ್ಲಿ, ತಾಯಿಯ ಪಿನ್ನು ಸೊಸೆಯ ಬಾಯಲ್ಲಿ. "ನಿಮಗೆ ತಿಳಿಯದು, ಬಿಡಿ" ಎಂದು ಹೇಳಿ ಹೇಳಿ ಹಿರಿಯರನ್ನು ಕುರುಡರನ್ನಾಗಿ ಮಾಡಿದ್ದೇವೆ. ಮಗ ಆಫೀಸಿನಲ್ಲಿದ್ದ ಹೊತ್ತಿನಲ್ಲಿ, ಅಚ್ಚಗನ್ನಡದಲ್ಲಿ "ಅಮ್ಮಾ, ನಿಮ್ಮ ಊರಿನ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ" ಎಂದು ಒಂದು ಕರೆ ಬಂದರೆ? ವರ್ಷಗಟ್ಟಲೆ ಕೌಂಟರಿನಲ್ಲಿ ಕೇಳದ ಕನ್ನಡವನ್ನು ಮೋಸಗಾರನ ಬಾಯಿಂದ ಕೇಳಿ ಆ ತಾಯಿ ಓಟಿಪಿ ಹೇಳದೆ ಇರುವಳೆ? ಗ್ರಾಹಕರ ತಪ್ಪಿಲ್ಲದೆ, ಬ್ಯಾಂಕಿನದೂ ಅಲ್ಲದೆ, ಮೂರನೆಯವರಿಂದ ಹಣ ಹೋದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆಯಿಲ್ಲವೆಂದು 2017ರ ಜುಲೈ 6ರ ಸುತ್ತೋಲೆ ಹೇಳಿತು. ಆದರೆ ನಾವೇ ಓಟಿಪಿ ಹೇಳಿದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಆಗ ತಡಮಾಡದೆ ಬ್ಯಾಂಕಿಗೂ 1930ಕ್ಕೂ ಫೋನು ಮಾಡಬೇಕೆಂದು ಎಷ್ಟು ತಾಯಂದಿರಿಗೆ ಹೇಳಿಕೊಟ್ಟಿದ್ದೇವೆ?

ನಮ್ಮ ಸಂಘದಲ್ಲಿ ನಾಟಕಕ್ಕೆ ಜನರಿದ್ದಾರೆ, ಸನ್ಮಾನಕ್ಕೆ ಶಾಲುಗಳಿವೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ, ಎರಡು ಬೆಂಚು, ನಾಲ್ಕು ಜನ ತರುಣರು ಸಿಗಲಾರರೆ? ಹಿರಿಯರು ತಮ್ಮ ಫೋನನ್ನು ತಮ್ಮ ಕೈಯಲ್ಲೇ ಹಿಡಿದು ಕಲಿಯಲಿ. ನಾಮಿನಿಯ ಹೆಸರು ಸರಿಯಿದೆಯೇ ನೋಡಿಕೊಳ್ಳಲಿ. ದೂರಿನ ಅರ್ಜಿಯನ್ನು ಅಲ್ಲೇ ಬರೆಸಿಕೊಂಡು ಹೋಗಲಿ. ಊರಿನ ಬ್ಯಾಂಕು ಅಂದು ಕೌಂಟರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಇಂದು ನಾವೇ ಮಾಡಬೇಕಾಗಿದೆ. ಕಾರ್ಯಕಾರಿ ಸಮಿತಿ ಒಪ್ಪಿದರೆ ಮೊದಲ ಭಾನುವಾರ ಬೆಂಚು ಒರೆಸಿಡಲು ನಾವು ಸಿದ್ಧ.