ಲಸಿಕೆ ಸ್ವಲ್ಪ ವ್ಯರ್ಥವಾಗಲಿ ಬಿಡಿ

ಎಲ್ಲಾದರೂ ದಡಾರ ಹಬ್ಬಿತೆಂದರೆ ಮೊದಲು ಬೈಸಿಕೊಳ್ಳುವವರು ಹೆತ್ತವರು. ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿ ಕೂತರು, ವಾಟ್ಸ್‌ಆ್ಯಪ್ ನಂಬಿ ಸೂಜಿಗೆ ಹೆದರಿದರು ಎನ್ನುತ್ತೇವೆ. ಅಂಥವರು ಇಲ್ಲವೆಂದಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕಕ್ಕೆ ಬಂದಾಗ ಮೊಬೈಲಿನಲ್ಲಿ ಹರಿದಾಡಿದ ಸುಳ್ಳುಗಳೂ ಕಡಿಮೆಯೇನಲ್ಲ. ಆದರೂ ನನ್ನದೊಂದು ತಕರಾರಿದೆ. ಲಸಿಕೆ ತಪ್ಪಿದ ಮಕ್ಕಳೆಲ್ಲ ಬೇಡವೆಂದವರ ಮಕ್ಕಳಲ್ಲ. ಬೇಕೆಂದು ಬಂದು ವಾಪಸ್ ಹೋದವರ ಮಕ್ಕಳೂ ಅವರಲ್ಲಿದ್ದಾರೆ.

ವಾಪಸ್ ಹೋಗುವುದೇಕೆ? ಸೀಸೆಯನ್ನು ನೋಡಿ. ದಡಾರ-ರುಬೆಲ್ಲಾ ಲಸಿಕೆ ಬರುವುದು ಪುಡಿಯಾಗಿ, ಒಂದು ಸೀಸೆಯಲ್ಲಿ ಐದೋ ಹತ್ತೋ ಡೋಸ್. ದ್ರಾವಕ ಬೆರೆಸಿದ ಮೇಲೆ ಅದರ ಆಯಸ್ಸು ನಾಲ್ಕೇ ಗಂಟೆ. ಆಮೇಲೆ ಚೆಲ್ಲಲೇಬೇಕು, ಇಲ್ಲದಿದ್ದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದು ಮಗುವಿನ ಜೀವಕ್ಕೇ ಅಪಾಯ. ಪೆಂಟಾವೇಲೆಂಟ್ ಲಸಿಕೆ ಹಾಗಲ್ಲ, ಒಡೆದ ಸೀಸೆಯನ್ನೂ ತಣ್ಣಗಿಟ್ಟು ನಾಲ್ಕು ವಾರ ಬಳಸಬಹುದು. ಹೀಗಾಗಿ ಲಸಿಕೆ ಹಾಕುವ ಗುರುವಾರ ಮಧ್ಯಾಹ್ನದ ಹೊತ್ತಿಗೆ ಒಬ್ಬಳೇ ತಾಯಿ ಒಂಬತ್ತು ತಿಂಗಳ ಕೂಸನ್ನೆತ್ತಿಕೊಂಡು ಬಂದರೆ ನರ್ಸಮ್ಮನಿಗೆ ಇಕ್ಕಟ್ಟು. ಸೀಸೆ ಒಡೆದರೆ ಉಳಿದ ಡೋಸ್‌ಗಳೆಲ್ಲ ‘ವ್ಯರ್ಥ’ದ ಕಾಲಮ್ಮಿಗೆ ಹೋಗುತ್ತವೆ, ಮೇಲಿನವರು ಕೇಳುತ್ತಾರೆ. ‘ಮುಂದಿನ ವಾರ ಬಾಮ್ಮ, ಇನ್ನೂ ಮಕ್ಕಳು ಬರಲಿ’ ಎಂಬ ಮಾತು ಹುಟ್ಟುವುದು ಇಲ್ಲಿ. ನರ್ಸಮ್ಮನನ್ನು ದೂರಿ ಫಲವಿಲ್ಲ. ಆದರೆ ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವಳಿಗೆ ಒಂದು ಗುರುವಾರವೆಂದರೆ ಒಂದು ದಿನದ ಕೂಲಿ. ಮುಂದಿನ ವಾರ ಅವಳು ಯಾವ ಕಟ್ಟಡದ ಬಳಿ ಇರುತ್ತಾಳೋ!

ದಡಾರ ಮಾತ್ರ ಇಂಥ ಸಣ್ಣ ತಪ್ಪುಗಳನ್ನು ಕೂಡಿಡುತ್ತದೆ. ರಕ್ಷಣೆಯೇ ಇಲ್ಲದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡುವ ಕಾಯಿಲೆ ಇದು. ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಬೀಳಬೇಕು. ವರ್ಷಕ್ಕೆ ಸಾವಿರ ಮಕ್ಕಳು ಹುಟ್ಟುವ ಬಡಾವಣೆಯಲ್ಲಿ 900 ಮಕ್ಕಳಿಗೆ ಮೊದಲ ಡೋಸ್ ಸಿಕ್ಕಿತೆನ್ನಿ. ಒಂಬತ್ತು ತಿಂಗಳಲ್ಲಿ ಕೊಟ್ಟ ಡೋಸ್ ನಾಟುವುದು ನೂರಕ್ಕೆ ಸುಮಾರು 85 ಮಕ್ಕಳಲ್ಲಿ. ಅಂದರೆ 235 ಮಕ್ಕಳು ಬಯಲಲ್ಲಿ. ಎರಡನೇ ಡೋಸೂ ಕೈತಪ್ಪಿದರೆ ನಾಲ್ಕು ವರ್ಷದಲ್ಲಿ 940. ಕಾಗದದಲ್ಲಿ ಮಾತ್ರ ‘ಶೇ 90 ಸಾಧನೆ’.

2022ರ ಕೊನೆಯಲ್ಲಿ ಮುಂಬೈನ ಗೋವಂಡಿ ಕಡೆ ದಡಾರ ಎದ್ದಾಗ ಕೋವಿಡ್ ವರ್ಷಗಳಲ್ಲಿ ತಪ್ಪಿದ ಡೋಸ್‌ಗಳ ಲೆಕ್ಕ ಹೊರಬಿತ್ತು. ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚುವರಿ ಡೋಸ್, ತೀವ್ರವಾಗಿದ್ದ ಕಡೆ ಆರು ತಿಂಗಳ ಕೂಸಿಗೂ ಒಂದು ಡೋಸ್ ಕೊಡಲು ಕೇಂದ್ರ ಸೂಚಿಸಿತು. ಮನೆಮನೆಗೆ ತಂಡಗಳು ಹೊರಟವು. ಆ ಗಡಿಬಿಡಿಯಲ್ಲಿ ಎಷ್ಟು ಸೀಸೆ ಚೆಲ್ಲಿತೆಂದು ಯಾರು ಕೇಳುತ್ತಾರೆ?

ಸಾರ್ವಜನಿಕರ ದುಡ್ಡು ಪೋಲಾಗಬಾರದೆನ್ನುವವರ ಮಾತು ಸುಳ್ಳಲ್ಲ. ಆದರೆ ಒಂದಷ್ಟು ಡೋಸ್ ಚೆಲ್ಲಿಹೋಗುತ್ತವೆಂದು ಲೆಕ್ಕ ಹಿಡಿದೇ ಲಸಿಕೆ ತರಿಸುತ್ತಾರೆ. ದಡಾರದಿಂದ ನ್ಯುಮೋನಿಯಾಗೆ ತಿರುಗಿದ ಒಂದು ಮಗುವಿನ ಆಸ್ಪತ್ರೆ ಖರ್ಚಿನ ಮುಂದೆ ಆ ಹನಿಗಳ ಬೆಲೆ ಲೆಕ್ಕಕ್ಕೇ ಬಾರದು. ಐದು ಡೋಸಿನ ಸೀಸೆಗಳೇ ಹೆಚ್ಚು ಬಂದರೆ ಇನ್ನೂ ಒಳ್ಳೆಯದು.

ಒಂದೇ ಮಗು ಬಂದರೂ ಸೀಸೆ ಒಡೆಯಬೇಕೆಂಬುದು ಸರ್ಕಾರದ್ದೇ ಸೂಚನೆ. ತಾಯಿ ಕಾರ್ಡ್ ಹಿಡಿದು ಹೋದವರು ಮಗುವಿಗೆ ಲಸಿಕೆ ಕೇಳಿ ಹಾಕಿಸಿ, ಸಂಕೋಚ ಬೇಡ.