ಎಕ್ಕದ ಗಿಡಕ್ಕೊಂದು ಮೂಲೆ

ರಥಸಪ್ತಮಿಯ ಬೆಳಗ್ಗೆ ಎಕ್ಕದ ಎಲೆಗಳನ್ನು ತಲೆ ಭುಜಗಳ ಮೇಲಿರಿಸಿಕೊಂಡು ಮೀಯುವ ನಾವು, ಮರುದಿನ ಅದೇ ಗಿಡ ಶಾಲೆಯ ಬೇಲಿಯಲ್ಲಿ ಕಂಡರೆ ಕಳೆಯೆಂದು ಕಡಿದೊಗೆಯುತ್ತೇವೆ. ಶಿವಮೊಗ್ಗ, ಭದ್ರಾವತಿಗಳ ಪಾಳುನೆಲಗಳಲ್ಲಿ ಯಾರೂ ನೀರೆರೆಯದೆ ಬೆಳೆಯುವ ಈ ಗಿಡವು ಸಸ್ಯಶಾಸ್ತ್ರದ ಸೊಗಸಾದ ಪಾಠವೆಂಬುದನ್ನು ಬಲ್ಲವರು ವಿರಳ.

ಎಕ್ಕದ ಹೂವನ್ನು ಒಮ್ಮೆ ಬಿಡಿಸಿ ನೋಡಿರಿ. ಇದರ ಪರಾಗ ಪುಡಿಯಾಗಿರುವುದಿಲ್ಲ, ಮೇಣದಂತಹ ಪಿಂಡಗಳಾಗಿರುತ್ತದೆ. ಎರಡೆರಡು ಪಿಂಡಗಳನ್ನು ಪುಟ್ಟದೊಂದು ಕಪ್ಪು ಕೊಂಡಿ ಜೋಡಿಸಿರುತ್ತದೆ. ಮಕರಂದವನ್ನರಸಿ ಬಂದ ದೊಡ್ಡ ಕರಿದುಂಬಿಗೆ ಈ ಕೊಂಡಿ ಸಿಕ್ಕಿಕೊಂಡು, ಪಿಂಡಗಳು ಮತ್ತೊಂದು ಹೂವಿಗೆ ಸಾಗುತ್ತವೆ. ಈ ವಿಶೇಷವನ್ನು ಗಮನಿಸಿಯೇ ರಾಬರ್ಟ್ ಬ್ರೌನನು 1810ರಲ್ಲಿ ಎಕ್ಕದ ಬಳಗವನ್ನು ಕಣಗಿಲೆಯ ಬಳಗದಿಂದ ಬೇರ್ಪಡಿಸಿದನು. ಇಂದಿನ ವಿಜ್ಞಾನಿಗಳು ಅವುಗಳ ವಂಶಸಂಬಂಧವನ್ನು ಪರಿಶೀಲಿಸಿ, ಎರಡನ್ನೂ ಮರಳಿ ಅಪೊಸೈನೇಸೀ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಮಲೆನಾಡಿನ ಸೊಗದೆ ಬೇರು, ತಂಬುಳಿಗೆ ಒದಗುವ ಕೊಡಸಿಗೆಯ ಹೂ, ಮಕ್ಕಳು ಮೆಲ್ಲುವ ಕವಳಿ ಹಣ್ಣು, ಎಲ್ಲವೂ ಈ ಕುಟುಂಬದವೇ.

ಸರ್ಪಗಂಧವೂ ಇದೇ ಕುಟುಂಬದ್ದು. 1952ರಲ್ಲಿ ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು ಅದರ ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ರಕ್ತದೊತ್ತಡಕ್ಕೆ ಮದ್ದಾಯಿತು. ಬೇರಿಗೆ ಬೆಲೆ ಬಂದೊಡನೆ ಕಾಡಿನಲ್ಲಿ ಗಿಡಕ್ಕೆ ಕುತ್ತು ಬಂದಿತು. ಇಂದು ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವುಂಟು. ಬೆಲೆಯುಳ್ಳುದನ್ನು ಅಗೆದೆವು, ಬೆಲೆಯಿಲ್ಲವೆಂದುಕೊಂಡುದನ್ನು ಕಡಿದೆವು. ಹಾಗಾದರೆ ಉಳಿಯುವುದೇನು?

ಎಕ್ಕದ ಹಾಲು ವಿಷವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಅದು ಕಣ್ಣಿಗೆ ತಾಗಿದರೆ ಅಪಾಯ. ಮುಟ್ಟಿದ ಕೈಯನ್ನು ತೊಳೆಯಲೇಬೇಕು, ಮನೆಮದ್ದೆಂದು ಸೇವಿಸಕೂಡದು. ಆದರೆ ಆ ವಿಷವೂ ಪಾಠವೇ. ಕಿತ್ತಳೆ ಬಣ್ಣದ, ಕಪ್ಪು ರೆಕ್ಕೆತುದಿಯಲ್ಲಿ ಬಿಳಿಯ ಮಚ್ಚೆಗಳುಳ್ಳ ಚಿಟ್ಟೆಯೊಂದು ಈ ಗಿಡದ ಮೇಲೆ ಮೊಟ್ಟೆಯಿಡುತ್ತದೆ. ಅದರ ಹುಳು ಎಕ್ಕದ ಎಲೆಯನ್ನು ತಿಂದೇ ಬೆಳೆಯುತ್ತದೆ. ಇಂತಹ ಚಿಟ್ಟೆ ಹಕ್ಕಿಗಳಿಗೆ ರುಚಿಸದು. ಆದುದರಿಂದಲೇ ಬೇರೊಂದು ಜಾತಿಯ ಹೆಣ್ಣುಚಿಟ್ಟೆ ಇದರ ವೇಷವನ್ನು ತಳೆದು ಪ್ರಾಣ ಉಳಿಸಿಕೊಳ್ಳುತ್ತದೆ.

ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ತನ್ನ ಅಂಗಳದ ಒಂದು ಮೂಲೆಯನ್ನು ಇಂತಹ ಗಿಡಗಳಿಗೆ ಬಿಟ್ಟುಕೊಡಬೇಕೆಂಬುದು ನಮ್ಮ ಸಲಹೆ. ಇದಕ್ಕೆ ಹಣ ಬೇಡ, ತೋಟಗಾರನೂ ಬೇಡ. ಕತ್ತಿಯನ್ನು ತಡೆದರೆ ಸಾಕು. ವಿದ್ಯಾರ್ಥಿಗಳೇ, ಮೊಟ್ಟೆ ಒಡೆದು ಹುಳುವಾದ ದಿನ, ಹುಳು ಕೋಶ ಕಟ್ಟಿದ ದಿನ, ಚಿಟ್ಟೆ ಹೊರಬಂದ ದಿನ, ಇವನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬಾರಿ ಯಾರಾದರೂ ಆ ಗಿಡವನ್ನು ಕಡಿಯಲು ಬಂದಾಗ, ಆ ಪುಟವನ್ನು ಅವರಿಗೆ ತೋರಿಸಿರಿ.